ಲೆಕ್ಕ ಮುಂದಿಟ್ಟು ಮಾತಾಡೋಣ



ನಮ್ಮ ಚಿತ್ರದುರ್ಗ ಜಿಲ್ಲೆಯ ಜನಕ್ಕೆ ಮಾತಿಗೇನೂ ಬರಗಾಲವಿಲ್ಲ. ಹೊಸದುರ್ಗದ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ, ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ, ಹೊಳಲ್ಕೆರೆಯ ಬಯಲು ಗಣಪನ ಗುಡಿಯ ಆಸುಪಾಸಿನಲ್ಲಿ, ಚಿತ್ರದುರ್ಗದ ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಗಾಡಿಗಳ ಮುಂದೆ ಒಂದು ಹತ್ತು ನಿಮಿಷ ನಿಂತು ಕೇಳಿ. ಯಾವ ಮೋಟರ್ ಹಾಕಿಸಬೇಕು, ಯಾವ ಕಂಪನಿಯ ಪೈಪ್ ತಾಳುತ್ತದೆ, ನೀರಿನ ಫಿಲ್ಟರ್ ಯಾವುದು ಒಳ್ಳೆಯದು, ಯಾವ ಸರ್ಕಾರ ಏನು ಕೊಟ್ಟಿತು, ಏನು ಕೊಡಲಿಲ್ಲ. ಮಾತು ಯಂತ್ರದಿಂದ ಶುರುವಾಗಿ ಬೆಲೆಗೆ ಬರುತ್ತದೆ, ಬೆಲೆಯಿಂದ ಪಕ್ಷಕ್ಕೆ ಹೋಗುತ್ತದೆ, ಪಕ್ಷಕ್ಕೆ ಹೋದ ಮೇಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎದ್ದು ಹೋಗುವಾಗ ಮೋಟರ್ ಹಾಕಿಸಬೇಕೋ ಬೇಡವೋ ಎಂಬುದು ಮಾತ್ರ ಇತ್ಯರ್ಥವಾಗಿರುವುದಿಲ್ಲ.

ನಾನು ಈ ಹೊತ್ತು ಹೇಳಬೇಕೆಂದಿರುವುದು ಈ ವಾದಗಳ ಬಗ್ಗೆಯೇ. ವಾದ ಮಾಡಬೇಡಿ ಎಂದು ಹೇಳುವುದಿಲ್ಲ. ಯಂತ್ರದ ಮಾತು, ರಾಜಕೀಯದ ಮಾತು, ಕೊಳ್ಳುವ ಮಾತು ಬೇರೆ ಬೇರೆ ಎಂದು ನನಗೆ ಅನ್ನಿಸುವುದೂ ಇಲ್ಲ; ನಮ್ಮ ಬಯಲುಸೀಮೆಯಲ್ಲಿ ಈ ಮೂರೂ ಕೊನೆಗೆ ನೀರಿಗೇ ಬಂದು ಸೇರುತ್ತವೆ. ನಮ್ಮ ವಾದಗಳಲ್ಲಿ ಕೊರತೆ ಇರುವುದು ಲೆಕ್ಕದ್ದು. ಎಷ್ಟು ನೀರು, ಎಷ್ಟು ದುಡ್ಡು, ಅದು ಯಾರದ್ದು ಎಂಬ ಲೆಕ್ಕವನ್ನು ಯಾರಾದರೂ ಮುಂದಿಟ್ಟ ಕ್ಷಣ ವಾದದ ಬಣ್ಣವೇ ಬದಲಾಗುತ್ತದೆ.

ಮೊದಲು ಸೋಲಾರ್ ಪಂಪಿನ ವಿಷಯವನ್ನೇ ತೆಗೆದುಕೊಳ್ಳೋಣ. ಈಗ ಎಲ್ಲ ಊರಲ್ಲೂ ಇದೇ ಮಾತು.

‘ಮಾವ, ಸೋಲಾರ್ ಪಂಪಿಗೆ ಅರ್ಜಿ ಹಾಕ್ಲಾ?’

‘ಹಾಕಪ್ಪ. ದಿಲ್ಲಿಯವ್ರು ಕೊಡ್ತಾರೆ, ತಗೋ.’

‘ದಿಲ್ಲಿಯವ್ರು ಎಲ್ಲಿ ಕೊಡ್ತಾರೆ ಗೌಡ್ರೆ? ಜಾಸ್ತಿ ದುಡ್ಡು ಬೆಂಗ್ಳೂರಿನವ್ರದ್ದು.’

ಇಲ್ಲಿಂದ ಮುಂದೆ ಅರ್ಧ ಗಂಟೆ ದಿಲ್ಲಿ ಮತ್ತು ಬೆಂಗಳೂರು. ಕೇಳಿದ ಹುಡುಗ ಟೀ ಲೋಟ ಇಟ್ಟು ಎದ್ದು ಹೋಗುತ್ತಾನೆ.

ಇದರ ಲೆಕ್ಕ ಸರಳವಾದದ್ದು. ಕೇಂದ್ರ ಸರ್ಕಾರ 2019ರಲ್ಲಿ ಪಿಎಂ-ಕುಸುಮ್ ಯೋಜನೆ ತಂದಿತು. ಅದರ ‘ಬಿ’ ಭಾಗದಲ್ಲಿ ಕರೆಂಟ್ ಲೈನಿನ ಹಂಗಿಲ್ಲದೆ ಬಿಸಿಲಲ್ಲೇ ನಡೆಯುವ ಪಂಪಿಗೆ ನೆರವು ಸಿಗುತ್ತದೆ. ಕರ್ನಾಟಕದಲ್ಲಿ ಇದರ ಬೆಲೆಯ ನೂರಕ್ಕೆ 30 ಭಾಗ ಕೇಂದ್ರದ್ದು, 50 ಭಾಗ ರಾಜ್ಯದ್ದು, ಉಳಿದ 20 ಭಾಗ ರೈತನದ್ದು. ಎರಡೂ ಕಡೆಯವರು ಹೇಳಿದ್ದರಲ್ಲಿ ಸತ್ಯವಿದೆ ಎಂದಾಯಿತು. ಟ್ರಾನ್ಸ್‌ಫಾರ್ಮರಿನಿಂದ 500 ಮೀಟರ್‌ಗಿಂತ ದೂರದ ಬೋರ್‌ವೆಲ್‌ಗಳಿಗೆ ಕಂಬ-ತಂತಿ ಎಳೆಯುವ ಬದಲು ಸೋಲಾರೇ ಹಾಕಿಸಿಕೊಳ್ಳಿ ಎಂಬುದು ರಾಜ್ಯ ಸರ್ಕಾರದ ಈಗಿನ ನಿಲುವು. ಇನ್ನೊಂದು ಕಡೆ, 10 ಎಚ್‌ಪಿ ತನಕದ ಪಂಪ್‌ಸೆಟ್‌ಗಳಿಗೆ 2008ರಿಂದ ಪುಕ್ಕಟೆ ಕರೆಂಟ್ ಇದೆ. ಲೈನು ಹತ್ತಿರವಿರುವವನು ಸೋಲಾರಿಗೆ ನೂರಕ್ಕೆ 20 ಭಾಗ ಕೈಯಿಂದ ಯಾಕೆ ಹಾಕಬೇಕು ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅವನಿಗೆ ಸಿಗುವ ಉತ್ತರ ಹೊತ್ತಿಗೆ ಸಂಬಂಧಿಸಿದ್ದು: ರಾತ್ರಿ ಸರದಿಯಲ್ಲಿ ಮೂರು ಫೇಸ್ ಬಂದಾಗ ಹಾವು-ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಅದು ಸಣ್ಣ ಲಾಭವಲ್ಲ.

ಆದರೆ ಯಾರೂ ಎತ್ತದ ಪ್ರಶ್ನೆ ಒಂದಿದೆ. ಬೋರಿನಲ್ಲಿ ನೀರು ಎಷ್ಟು ಅಡಿಗೆ ನಿಂತಿದೆ? ಅದೇ ಎಚ್‌ಪಿ ಮೋಟರ್ 300 ಅಡಿಯಿಂದ ಎತ್ತುವಷ್ಟು ನೀರನ್ನು 600 ಅಡಿಯಿಂದ ಎತ್ತಲಾರದು. ಆಳ ಇಮ್ಮಡಿಯಾದರೆ ನೀರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಎರಡಿಂಚು ಎಸೆದ ಬೋರು ಏಪ್ರಿಲ್‌ನಲ್ಲಿ ಒಂದಿಂಚಿಗೆ ಬಂದರೆ ತಪ್ಪು ಪ್ಯಾನೆಲ್ಲಿನದ್ದಲ್ಲ, ಕಂಪನಿಯದ್ದೂ ಅಲ್ಲ. ಇನ್ನೂ ಒಂದು ಮಾತು. ಕರೆಂಟ್ ದಿನಕ್ಕೆ ಏಳು ತಾಸು ಬಂದು ನಿಲ್ಲುತ್ತದೆ, ಉಳಿದ ಹೊತ್ತಾದರೂ ಭೂಮಿ ಉಸಿರಾಡುತ್ತದೆ. ಬಿಸಿಲಿಗೆ ಬಿಲ್ಲಿಲ್ಲ, ಸರದಿಯಿಲ್ಲ. ಬೆಳಗಿನಿಂದ ಸಂಜೆ ತನಕ ಓಡುವ ಪಂಪು ಪಕ್ಕದ ಹೊಲದವನ ಬೋರಿನಿಂದಲೂ ಎಳೆದುಕೊಳ್ಳುತ್ತದೆ. ಯಾವ ಸರ್ಕಾರ ಕೊಟ್ಟಿತು ಎಂದು ಜಗಳವಾಡುವ ಇಬ್ಬರು ಅಣ್ಣತಮ್ಮಂದಿರು ಕೆಳಗೆ ಒಂದೇ ನೀರನ್ನು ಜಗ್ಗುತ್ತಿರುತ್ತಾರೆ.

ಈಗ ಹಿರಿಯೂರಿನ ಕಡೆ ನೋಡಿ. ಅಲ್ಲಿ ಯಾರನ್ನಾದರೂ, ಶಾಲೆಗೆ ಹೋಗುವ ಮಗುವನ್ನಾದರೂ, ‘ಇವತ್ತು ಡ್ಯಾಂ ಎಷ್ಟು ಅಡಿ?’ ಎಂದು ಕೇಳಿದರೆ ಉತ್ತರ ಬರುತ್ತದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು ಅದು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದ ಕಾಲದಲ್ಲಿ ಕೆಲಸ ಆರಂಭವಾಯಿತು. ವಾಣಿವಿಲಾಸ ಸಾಗರ ಎಂಬ ಹೆಸರು ಅವರ ಬಿರುದಿನಿಂದಲೇ ಬಂದದ್ದು. ಭರ್ತಿ ಮಟ್ಟ 130 ಅಡಿ, ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಅಷ್ಟು ವರ್ಷವೂ ಡ್ಯಾಂ ದೊಡ್ಡದಾಯಿತೋ, ಮಳೆ ಸಣ್ಣದಾಯಿತೋ, ಮೇಲಿನ ಕೆರೆಗಳು ನೀರು ನುಂಗಿದವೋ ಎಂಬ ವಾದ ಮೂರು ತಲೆಮಾರಿನಲ್ಲಿ ನಡೆಯಿತು. ತೆಂಗು ಒಣಗಿದವು, ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿತು. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿದ್ದಾಗ ಊರೂರಿನಿಂದ ಜನ ಬಂದು ನಿಂತು ನೋಡಿದರು. ಬರುವ ನೀರಿನಲ್ಲಿ ಈಗ ಭದ್ರೆಯ ಪಾಲೂ ಇದೆ.

ಈ ಅಣೆಕಟ್ಟಿನ ನೀರಿಗಾಗಿ ಜಗಳ ಇಲ್ಲವೆಂದಲ್ಲ. ಕೆಳಗೆ ಚಳ್ಳಕೆರೆ ಕಡೆಗೆ ನದಿಗೆ ನೀರು ಬಿಡಬೇಕೆಂದಾಗ ಹಿರಿಯೂರಿನ ಅಚ್ಚುಕಟ್ಟಿನ ರೈತರು ಆಕ್ಷೇಪಿಸಿದ್ದುಂಟು. ಆದರೆ ಆ ಜಗಳ ಎಷ್ಟು ಅಡಿ ಇದೆ, ಎಷ್ಟು ಟಿಎಂಸಿ ಬಿಡುತ್ತೀರಿ, ನಮಗೆಷ್ಟು ಉಳಿಯುತ್ತದೆ ಎಂಬ ಅಂಕಿಗಳ ಮೇಲೆ ನಡೆಯುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ, ಕಟ್ಟೆಯ ಮೇಲೆ ಬರೆದಿರುವ ಒಂದೇ ಸಂಖ್ಯೆಯನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಒಪ್ಪಿದ ಸಂಖ್ಯೆ ಇರುವುದರಿಂದಲೇ ಜಗಳಕ್ಕೆ ಒಂದು ಕೊನೆ ಸಿಗುತ್ತದೆ. ಅದೇ ಹಿರಿಯೂರಿನಲ್ಲಿ, ಅದೇ ಮನುಷ್ಯನನ್ನು, ‘ನಿಮ್ಮ ಬೋರಿನಲ್ಲಿ ನೀರು ಎಷ್ಟಡಿಗಿದೆ?’ ಎಂದು ಕೇಳಿ. ಎಷ್ಟಡಿ ಕೊರೆಸಿದೆವು ಎಂದು ಹೇಳುತ್ತಾರೆ, ಎಷ್ಟಡಿ ಕೇಸಿಂಗ್ ಇಳಿಸಿದೆವು ಎಂದು ಹೇಳುತ್ತಾರೆ, ಬೋರ್ ಲಾರಿಯವನಿಗೆ ಎಷ್ಟು ಕೊಟ್ಟೆವು ಎಂದು ನಿಟ್ಟುಸಿರು ಬಿಡುತ್ತಾರೆ. ಇವತ್ತು ನೀರು ಎಲ್ಲಿ ನಿಂತಿದೆ ಎಂಬುದು ಗೊತ್ತಿರುವುದಿಲ್ಲ. ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿ ಸೇರಿ ಎಷ್ಟೋ ಕಾಲವಾಯಿತು. ನಾವು ಬದುಕುತ್ತಿರುವುದು ಈ ಕಾಣದ ಅಣೆಕಟ್ಟಿನ ಮೇಲೆ. ಅದಕ್ಕೆ ಅಡಿ ಗುರುತು ಮಾತ್ರ ಇಲ್ಲ.

2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ನಮ್ಮ ಜಿಲ್ಲೆಗೂ ಬಂತು. ಊರಿನವರೇ ಬಾವಿ-ಬೋರಿನ ಮಟ್ಟ ಅಳೆದು, ಮಳೆಯಿಂದ ಬಂದದ್ದೆಷ್ಟು, ಎತ್ತಿದ್ದೆಷ್ಟು ಎಂದು ಪಂಚಾಯ್ತಿ ಮಟ್ಟದಲ್ಲಿ ನೀರಿನ ಆಯವ್ಯಯ ಬರೆಯಬೇಕು ಎಂಬುದು ಅದರ ಮೂಲ ಆಶಯ. ಗೋಡೆಯ ಮೇಲೆ ಬರೆಸಿದ ಕಡೆ ಬಣ್ಣ ಮಾಸಿರಬಹುದು. ಆದರೂ ಆ ಪದ್ಧತಿ ಒಳ್ಳೆಯದು, ಬಿಡಬಾರದು. ಉದ್ದದ ಅಳತೆ ಟೇಪು, ತುದಿಯಲ್ಲಿ ನೀರು ತಾಗಿದರೆ ಸದ್ದು ಮಾಡುವ ಸಣ್ಣ ಸಾಧನ, ಇಷ್ಟೇ ಸಾಕು. ಮೋಟರ್ ಇಳಿಸದ, ನೀರಿರುವ ಒಂದು ಬೋರಿದ್ದರೆ ತಿಂಗಳಿಗೊಂದು ಸಲ ಅಳೆದು ಹಾಲಿನ ಡೈರಿಯ ಬೋರ್ಡಿನ ಮೇಲೆ ಬರೆಯಬಹುದು. ಡೈರಿಗೆ ಎರಡು ಹೊತ್ತೂ ಎಲ್ಲ ಮನೆಯವರೂ ಬರುತ್ತಾರೆ.

ಯಂತ್ರದ ಬಗೆಗಿನ ಇನ್ನೊಂದು ವಾದ ಗಾಳಿಯಂತ್ರದ್ದು. ಜೋಗಿಮಟ್ಟಿಯ ಸಾಲಿನಿಂದ ಹಿಡಿದು ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳ ತನಕ ಫ್ಯಾನುಗಳು ಎದ್ದ ಮೇಲೆ, ಇವು ಮೋಡ ಓಡಿಸುತ್ತವೆ, ಅದಕ್ಕೇ ಮಳೆಯಿಲ್ಲ ಎಂಬ ಮಾತು ಹುಟ್ಟಿತು. ಓದಿದವರು ಇದನ್ನು ಕೇಳಿ ನಗುತ್ತಾರೆ. ನಗುವುದು ನನಗೆ ಸರಿ ಕಾಣುವುದಿಲ್ಲ. ಮಾತಿಗೆ ಆಧಾರವಿಲ್ಲ, ನಿಜ: ಫ್ಯಾನಿನ ಎತ್ತರ ನೂರು-ನೂರೈವತ್ತು ಮೀಟರ್, ಮಳೆ ತರುವ ಮೋಡ ಬೆಳೆಯುವುದು ಕಿಲೋಮೀಟರ್‌ಗಟ್ಟಲೆ ಎತ್ತರಕ್ಕೆ. 2022ರಲ್ಲಿ ಮಾರಿಕಣಿವೆ ತುಂಬಿದಾಗ ಹೊಸದುರ್ಗದ ಗುಡ್ಡಗಳ ಮೇಲೆ ಇದೇ ಫ್ಯಾನುಗಳು ತಿರುಗುತ್ತಿದ್ದವು. ವೇದಾವತಿಗೆ ನೀರು ಹರಿದು ಬಂದದ್ದು ಆ ಕಡೆಯಿಂದಲೇ. ಆದರೆ ಆ ತಪ್ಪು ಮಾತಿನ ಹಿಂದೆ ಒಂದು ನಿಜವಾದ ಸಂಕಟ ಇದೆ. ಫ್ಯಾನಿನ ರೆಕ್ಕೆ ಹೊತ್ತ ಲಾರಿಗೆ ದಾರಿ ಮಾಡಲು ಗುಡ್ಡ ಕಡಿದರು, ಕುರಿ ಮೇಯುವ ಜಾಗ ಹೋಯಿತು, ಮೇಲಿನಿಂದ ಜಾರಿದ ಮಣ್ಣು ಹೊಲಕ್ಕೆ ಬಂತು. ಕಣ್ಣೆದುರು ಹುಟ್ಟುವ ಕರೆಂಟು ಹಿರಿಯೂರಿನ ದೊಡ್ಡ ಸ್ಟೇಷನ್ ಕಡೆ ಹೋಗಿ ಎಲ್ಲೋ ದೂರ ಹರಿಯುತ್ತದೆ, ಬುಡದ ಊರಿನ ಮೂರು ಫೇಸು ಮಾತ್ರ ಸರದಿ ಕಾಯುತ್ತದೆ. ಈ ದೂರನ್ನು ಹೇಳಿಕೊಳ್ಳಲು ಸರಿಯಾದ ಜಾಗ, ಸರಿಯಾದ ಮಾತು ಸಿಗದಿದ್ದಾಗ ಅದು ಮೋಡದ ಮಾತಾಗಿ ಹೊರಬರುತ್ತದೆ. ಮೋಡದ ವಾದದಲ್ಲಿ ಗೆದ್ದ ಎಂಜಿನಿಯರ್ ಮಣ್ಣಿನ ದೂರಿಗೆ ಉತ್ತರ ಕೊಡದೆ ಹೋದರೆ ಆ ಗೆಲುವಿನಿಂದ ಯಾರಿಗೂ ಉಪಯೋಗವಿಲ್ಲ.

ಮನೆಯೊಳಗಿನ ನೀರಿಗೆ ಬರೋಣ. ನಮ್ಮ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಕಥೆ. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ನೀವೂ ಕಂಡಿದ್ದೀರಿ, ಮಂಡಿ ಹಿಡಿದು ಕೂತ ಅಜ್ಜಿಯರನ್ನೂ ಕಂಡಿದ್ದೀರಿ. ಹೀಗಾಗಿ ಫಿಲ್ಟರ್ ಮಾರುವವರು ಬಾಗಿಲಿಗೆ ಬರುತ್ತಾರೆ. ಜೇಬಿನಿಂದ ಪೆನ್ನಿನಂಥ ಒಂದು ಸಾಧನ ತೆಗೆದು ನಿಮ್ಮ ಲೋಟಕ್ಕೆ ಅದ್ದುತ್ತಾರೆ. 900 ಎಂದು ತೋರುತ್ತದೆ. ತಮ್ಮ ಯಂತ್ರದ ನೀರಿಗೆ ಅದ್ದುತ್ತಾರೆ, 60 ಎಂದು ತೋರುತ್ತದೆ. ಮನೆಯಾಕೆ ಹೆದರಿ ಹದಿನೈದು ಸಾವಿರಕ್ಕೆ ಒಪ್ಪಿಕೊಳ್ಳುತ್ತಾಳೆ.

ತಾಯಂದಿರೇ, ಆ ಪೆನ್ನು ಅಳೆಯುವುದು ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು. ಅದೂ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರ ಮೇಲೆ ಕಟ್ಟಿದ ಅಂದಾಜು. ಫ್ಲೋರೈಡನ್ನು ಅದು ಬೇರೆ ಮಾಡಿ ತೋರಿಸುವುದಿಲ್ಲ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮ್ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಮ್ ತನಕ ತಾಳಿಕೊಳ್ಳಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. 300 ತೋರಿಸಿದ ನೀರಿನಲ್ಲೂ ಫ್ಲೋರೈಡ್ ಮೂರು ಮಿಲಿಗ್ರಾಮ್ ಇರಬಹುದು, 900 ತೋರಿಸಿದ ನೀರಿನಲ್ಲಿ ಅರ್ಧವೂ ಇಲ್ಲದಿರಬಹುದು. ರೋಗಾಣುವಂತೂ ಆ ಪೆನ್ನಿಗೆ ಕಾಣುವುದೇ ಇಲ್ಲ. ಫ್ಲೋರೈಡ್ ನೋಡಲು ಬಣ್ಣ ಬದಲಾಗುವ ಬೇರೆ ಪರೀಕ್ಷೆ ಇದೆ. ಜಲಜೀವನ್ ಮಿಷನ್ನಿನಲ್ಲಿ ಅದರ ಕಿಟ್ಟುಗಳನ್ನು ಪಂಚಾಯ್ತಿಗಳಿಗೆ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೇ ಅದನ್ನು ಬಳಸಲು ಕಲಿಸುವ ಏರ್ಪಾಡಿದೆ. ಫಿಲ್ಟರ್ ಬೇಕೋ ಬೇಡವೋ ಎಂಬ ತೀರ್ಮಾನ ಆ ಪರೀಕ್ಷೆಯ ನಂತರ ಆಗಬೇಕು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಸಿಗುವ ಊರಿನ ಶುದ್ಧ ನೀರಿನ ಘಟಕವೇ ಸರಿಯಾಗಿ ನಡೆಯುತ್ತಿದ್ದರೆ ಮನೆಮನೆಗೆ ಯಂತ್ರ ಬೇಡವಾಗಬಹುದು. ಆಗ ಕೇಳಬೇಕಾದ ಪ್ರಶ್ನೆ ಘಟಕದ ಪೊರೆ ಯಾವಾಗ ಬದಲಾಯಿಸಿದಿರಿ ಎಂಬುದು. ಅದನ್ನು ಅಂಗಡಿಯವರಿಗಲ್ಲ, ಪಂಚಾಯ್ತಿಗೆ ಕೇಳಬೇಕು. ಮನೆಗೆ ಏನು ಕೊಳ್ಳಬೇಕು ಎಂಬ ಮಾತು ಎಷ್ಟು ಬೇಗ ಊರಿನ ಆಡಳಿತದ ಮಾತಾಯಿತು ನೋಡಿ.

ನೀರಿನ ವಿಷಯದಲ್ಲಿ ಪರೀಕ್ಷೆಗೆ ಮುಂಚೆ ಮಾತು ಓಡಿದರೆ ಏನಾಗಬಹುದು ಎಂಬುದನ್ನು ಚಿತ್ರದುರ್ಗ ನಗರ ಕಣ್ಣಾರೆ ಕಂಡಿದೆ. 2023ರ ಆಗಸ್ಟ್ ಮೊದಲ ವಾರ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರಿಗೆ ವಾಂತಿಭೇದಿ ಹಿಡಿಯಿತು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಉಳಿಯಲಿಲ್ಲ. ಆ ಸಂಕಟದ ನಡುವೆ, ನೀರಿಗೆ ಯಾರೋ ವಿಷ ಬೆರೆಸಿದ್ದಾರೆ ಎಂಬ ಸಂಶಯ ಎದ್ದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಪರೀಕ್ಷೆಗಳು ವಿಷದ ಕಡೆ ಬೆರಳು ಮಾಡಲಿಲ್ಲ, ಕಾಲರಾ ರೋಗಾಣುವಿನ ಕಡೆ ಮಾಡಿದವು. ವಿಷ ಎಂಬ ಮಾತು ಹೊರಟರೆ ನಾವು ಒಬ್ಬ ಮನುಷ್ಯನನ್ನು, ಒಂದು ಕೇರಿಯನ್ನು, ಒಂದು ಜಾತಿಯನ್ನು ಹುಡುಕತೊಡಗುತ್ತೇವೆ. ರೋಗಾಣು ಎಂದಾಗ ಟ್ಯಾಂಕ್ ತೊಳೆದದ್ದು ಯಾವಾಗ, ಕುಡಿಯುವ ನೀರಿನ ಪೈಪು ಚರಂಡಿಯೊಳಗೆ ಯಾಕೆ ಹಾದುಹೋಗಿದೆ, ಕ್ಲೋರಿನ್ ಹಾಕುವ ಹೊಣೆ ಯಾರದು ಎಂಬ ಪ್ರಶ್ನೆಗಳು ಬರುತ್ತವೆ. ಎರಡನೆಯ ಬಗೆಯ ಪ್ರಶ್ನೆಯಿಂದ ಮಾತ್ರ ಮುಂದಿನ ಜೀವ ಉಳಿಯುತ್ತದೆ. ಸತ್ತವರ ಮನೆಯವರಿಗೆ ಸಲ್ಲಬೇಕಾದ ನ್ಯಾಯವೂ ಆ ದಾರಿಯಲ್ಲೇ ಇದೆ.

ವಾದ ಮಾಡುವ ಒಳ್ಳೆಯ ಜಾಗಗಳು ನಮ್ಮಲ್ಲಿ ಇಲ್ಲವೆಂದಲ್ಲ. ಸಿರಿಗೆರೆಯಲ್ಲಿ ಸೋಮವಾರ ಸೇರುವ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಹೊಲದ ಬದುವಿನ ತಕರಾರಿನಿಂದ ಹಿಡಿದು ಗಂಡ-ಹೆಂಡಿರ ಮುನಿಸಿನ ತನಕ ಎಲ್ಲವೂ ಬರುತ್ತವೆ. ಕಾಗದ-ಪತ್ರ ಹಿಡಿದು ಎರಡೂ ಕಡೆಯವರು ಎದುರುಬದುರು ನಿಲ್ಲಬೇಕು. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರ ಮಾತು ಅಲ್ಲಿ ನಡೆಯದು. ಅಲ್ಲಿನ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣವನ್ನು ಕಂಪ್ಯೂಟರಿಗೆ ಅಳವಡಿಸಿ ಗಣಕಾಷ್ಟಾಧ್ಯಾಯಿ ಮಾಡಿದವರು. ಭರಮಸಾಗರ, ಜಗಳೂರು ಕಡೆಯ ಕೆರೆಗಳಿಗೆ ತುಂಗಭದ್ರೆಯ ನೀರು ಏರಿಸುವ ಯೋಜನೆಗಳ ಬೆನ್ನು ಹತ್ತಿದವರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ 2019ರ ಆಗಸ್ಟ್‌ನಲ್ಲಿ ‘ಮತ್ತೆ ಕಲ್ಯಾಣ’ ಎಂದು ಜಿಲ್ಲೆ ಜಿಲ್ಲೆ ಸುತ್ತಿದಾಗ ಸಂಜೆಯ ಭಾಷಣ, ನಾಟಕಗಳಿಗೆ ಮುಂಚೆ ವಿದ್ಯಾರ್ಥಿಗಳ ಜೊತೆ ಸಂವಾದ ಇಟ್ಟುಕೊಂಡಿದ್ದರು. ಮಕ್ಕಳು ಎದ್ದು ನಿಂತು ದೇವರು, ಜಾತಿ, ಮೀಸಲಾತಿ ಎಂದು ಸಿಕ್ಕಿದ್ದನ್ನೆಲ್ಲ ಕೇಳಬಹುದಿತ್ತು. ಹಿರಿಯರನ್ನು ಕೇಳಬಹುದು, ಕೇಳಿದರೆ ಉತ್ತರ ಬರುತ್ತದೆ ಎಂಬುದು ಹದಿಹರೆಯದಲ್ಲೇ ಗೊತ್ತಾಗಬೇಕು.

ಹೊಸದುರ್ಗಕ್ಕಂತೂ ಪ್ರಶ್ನೆ ಕೇಳುವುದು ಹೊಸದಲ್ಲ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರಂಥ ದೊಡ್ಡ ನಾಯಕರನ್ನು, ರಾಜ್ಯ ಏಕೀಕರಣವಾದಾಗ ಮೊದಲ ಮುಖ್ಯಮಂತ್ರಿಯಾಗಿದ್ದವರನ್ನು, ಈ ಕ್ಷೇತ್ರ ಸೋಲಿಸಿ ಕಳಿಸಿತು. ಅವರ ಬದಲು ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಿ ಮೂರು ತಿಂಗಳು ಕುರ್ಚಿ ಕಾಯ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದು ಮತ್ತೆ ಅಧಿಕಾರ ವಹಿಸಿಕೊಂಡರು. ಸೋತವರು ಹೊಸದುರ್ಗದ ಮೇಲೆ ಹಗೆ ಇಟ್ಟುಕೊಳ್ಳಲಿಲ್ಲ. ಬದುಕಿನ ಕೊನೆಯ ತನಕ ಚಿತ್ರದುರ್ಗವನ್ನು ಬಿಡಲೂ ಇಲ್ಲ.

ಕರೆಂಟಿನ ದರದ ಬಗ್ಗೆ ಸಿಟ್ಟಿರುವವರಿಗೂ ಒಂದು ಜಾಗ ಇದೆ. ಬೆಸ್ಕಾಂ ದರ ಏರಿಸಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿದಾಗ ಅದರ ಸಾರಾಂಶ ಪತ್ರಿಕೆಗಳಲ್ಲಿ ಬರುತ್ತದೆ. ಗ್ರಾಹಕರು ಆಕ್ಷೇಪಣೆ ಬರೆದು ಕಳಿಸಬಹುದು, ಸಾರ್ವಜನಿಕ ವಿಚಾರಣೆಯಲ್ಲಿ ನಿಂತು ಮಾತಾಡಬಹುದು. ಬೆಸ್ಕಾಂ ಆಕ್ಷೇಪಣೆಗಳಿಗೆ ಉತ್ತರಿಸಬೇಕು, ಅದು ಆಯೋಗದ ಆದೇಶದಲ್ಲಿ ಅಚ್ಚಾಗುತ್ತದೆ. ನಮ್ಮ ಪಂಪ್‌ಸೆಟ್‌ಗಳಲ್ಲಿ ಬಹುಪಾಲು ಮೀಟರ್ ಇಲ್ಲದವು. ಅವು ಬಳಸಿದ ಕರೆಂಟು ಎಷ್ಟು ಎಂಬುದು ಅಂದಾಜು, ಆ ಅಂದಾಜಿನ ಮೇಲೆ ಸರ್ಕಾರದ ಸಹಾಯಧನ. ರೈತರು ಎಷ್ಟು ಬಳಸಿದರು ಎಂಬ ಸಂಖ್ಯೆಯನ್ನು ರೈತರೇ ಪರಿಶೀಲಿಸಿಲ್ಲ ಎಂದರೆ ಅದು ಸರಿಯೇ?

ಲೆಕ್ಕ ಕೇಳುವ ಮುಂಚೆಯೇ ಎಲ್ಲ ಮುಗಿದುಹೋದ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣೆ, ಅಣುಶಕ್ತಿ ಸಂಸ್ಥೆಗಳಿಗೆ ಹೋಯಿತು. ಇಸ್ರೋದ ಪುಷ್ಪಕ್ ವಿಮಾನ 2024ರಲ್ಲಿ ಎರಡು ಸಲ ಅಲ್ಲಿನ ಓಡುಹಾದಿಯ ಮೇಲೆ ತಾನೇ ತಾನಾಗಿ ಇಳಿದಾಗ ನನಗೂ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಬದುಕುತ್ತಿದ್ದವರಿಗೆ ಜಮೀನು ಹೋದದ್ದು ತಿಳಿದದ್ದು ಬೇಲಿ-ಗೋಡೆ ಎದ್ದಾಗ. ಆಮೇಲೆ ಹಸಿರು ನ್ಯಾಯಮಂಡಳಿಯ ತನಕ ಹೋದರು. ಮೊದಲೇ ಕರೆದು ಕೂರಿಸಿ, ಎಷ್ಟು ಎಕರೆ, ಮೇವಿಗೆ ಉಳಿಯುವುದೆಷ್ಟು ಎಂದು ಮಾತಾಡಿದ್ದರೆ ವಿಜ್ಞಾನಕ್ಕೆ ಯಾವ ನಷ್ಟವೂ ಆಗುತ್ತಿರಲಿಲ್ಲ.

ಇನ್ನು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. ಈಗ ನಮ್ಮಲ್ಲಿ ಅತಿ ಹೆಚ್ಚು ವಾದಕ್ಕೆ ಬರುವ ವಿಷಯ ಇದು. 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ದುಡ್ಡು ಬರಲಿಲ್ಲ ಎಂದು ಒಬ್ಬರು, ಕೇಳಿದ ದಾಖಲೆ ಕೊಡಲಿಲ್ಲ ಎಂದು ಇನ್ನೊಬ್ಬರು. ಇದು ಮುಖ್ಯವಲ್ಲ ಎನ್ನುವುದಿಲ್ಲ. ದುಡ್ಡಿಲ್ಲದೆ ಕಾಲುವೆ ಮುಗಿಯದು, ಅದಕ್ಕಾಗಿ ಬೀದಿಗಿಳಿದ ರೈತರು ಮಾಡಿದ್ದು ಸರಿಯೇ. ಆದರೆ ನೀರು ಬಂದ ದಿನ ಏನಾಗುತ್ತದೆ ಎಂಬ ಲೆಕ್ಕವನ್ನು ಈಗಲೇ ಹಾಕಬೇಕು. ಪೆನ್ನು-ಕಾಗದ ಹತ್ತಿರವಿದ್ದರೆ ಬರೆದುಕೊಳ್ಳಿ.

ಯೋಜನೆಯ ಒಟ್ಟು ನೀರು 29.90 ಟಿಎಂಸಿ. ಇದರಲ್ಲೇ 367 ಕೆರೆಗಳನ್ನು ಅರ್ಧ ತುಂಬಿಸಬೇಕು, ಇದರಲ್ಲೇ ವಾಣಿವಿಲಾಸ ಸಾಗರಕ್ಕೆ 2 ಟಿಎಂಸಿ. ಅದನ್ನೆಲ್ಲ ಸದ್ಯ ಮರೆತು, ಪೂರ್ತಿ ನೀರನ್ನು ಹೊಲಕ್ಕೇ ಬಿಟ್ಟೆವು ಎಂದುಕೊಳ್ಳೋಣ. ಹೊಲ ಎಷ್ಟು? ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್, ಎಂದರೆ ಐದೂವರೆ ಲಕ್ಷ ಎಕರೆಗೂ ಮೇಲೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಭಾಗಿಸಿದರೆ ಎಕರೆಗೆ ವರ್ಷಕ್ಕೆ ಸುಮಾರು 15 ಲಕ್ಷ 20 ಸಾವಿರ ಲೀಟರ್ ಬರುತ್ತದೆ.

ಈಗ ಒಂದು ಎಕರೆ ಅಡಿಕೆ. ಒಂಬತ್ತು ಅಡಿಗೊಂದರಂತೆ ಇಟ್ಟರೆ ಸುಮಾರು 540 ಗಿಡ. ಹನಿ ನೀರಾವರಿಯಲ್ಲಿ ಫಲ ಬಿಡುವ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು ಎನ್ನುತ್ತಾರೆ ಬಲ್ಲವರು. ಕಡಿಮೆಯದ್ದನ್ನೇ, 16 ಲೀಟರನ್ನೇ ಹಿಡಿಯೋಣ. ದಿನಕ್ಕೆ 8,640 ಲೀಟರ್. ಮಳೆಯಿಲ್ಲದ ಆರು ತಿಂಗಳಿಗೆ 15 ಲಕ್ಷ 55 ಸಾವಿರ ಲೀಟರ್. ಅಂದರೆ ಕೆರೆಗೆ ಒಂದು ತೊಟ್ಟೂ ಕೊಡದೆ, ಕಾಲುವೆಯಲ್ಲಿ ಒಂದು ಹನಿಯೂ ಆವಿಯಾಗದೆ, ಭದ್ರೆಯ ಪಾಲು ಪೂರ್ತಿ ಬಂದರೂ ಎಲ್ಲರೂ ಅಡಿಕೆ ಇಟ್ಟರೆ ಸಾಲದು. ಅದೇ ಶೇಂಗಾ, ರಾಗಿ, ತೊಗರಿಗೆ ಮಳೆ ಕೈಕೊಟ್ಟಾಗ ಒಂದಿಂಚು ನೀರು ಹಾಯಿಸಲು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ಸಾಕು. ನಾಲ್ಕು ಸಲ ಹಾಯಿಸಿದರೂ ನಾಲ್ಕು ಲಕ್ಷ. ಒಂದು ಎಕರೆ ಅಡಿಕೆಯ ನೀರಿನಲ್ಲಿ ಹೆಚ್ಚುಕಡಿಮೆ ನಾಲ್ಕು ಎಕರೆ ಖುಷ್ಕಿ ಬೆಳೆ ಉಳಿಯುತ್ತದೆ.

ಅಡಿಕೆ ಇಟ್ಟವರನ್ನು ನಾನು ದೂರುತ್ತಿಲ್ಲ. ಬರದ ವರ್ಷ ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಿಕೊಂಡ ಹೊಳಲ್ಕೆರೆ, ಭೀಮಸಮುದ್ರದ ರೈತರ ಕಷ್ಟ ಎಲ್ಲರಿಗೂ ಗೊತ್ತು. ಕ್ವಿಂಟಲ್ ಅಡಿಕೆಗೆ ಹತ್ತಾರು ಸಾವಿರ ಬರುವಾಗ ಶೇಂಗಾ ಬೆಳೆ ಎಂದು ಉಪದೇಶ ಮಾಡುವವರು ಶೇಂಗಾಕ್ಕೆ ಬೆಲೆ ಎಲ್ಲಿದೆ ಎಂಬುದನ್ನೂ ಹೇಳಬೇಕು. ಹೀಗೆ ನೀರಿನ ಲೆಕ್ಕ ಬೆಲೆಯ ಲೆಕ್ಕಕ್ಕೆ ಬರುತ್ತದೆ, ಬೆಲೆಯ ಲೆಕ್ಕ ರಾಜಕೀಯಕ್ಕೆ ಬರುತ್ತದೆ. ಬರಲಿ. ಈ ರಾಜಕೀಯಕ್ಕೆ ನಾನು ಹೆದರುವುದಿಲ್ಲ. ಊರಿನವರು ಇಂಥ ರಾಜಕೀಯವನ್ನೇ ಮಾತಾಡಬೇಕು ಎಂದು ಬಯಸುತ್ತೇನೆ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಹೆಸರು ಯೋಜನೆಯ ಪಟ್ಟಿಯಲ್ಲಿದ್ದರೆ, ಊರಿನ ಪಾಲು ಎಷ್ಟು ಲೀಟರ್, ಅದು ಯಾವ ತಿಂಗಳಿನಿಂದ ಯಾವ ತಿಂಗಳಿನ ತನಕ, ಯಾವ ಬೆಳೆ ಎಂದು ಲೆಕ್ಕ ಹಾಕಿದ್ದೀರಿ ಎಂದು ಕೇಳಿ. ಮೊದಲು ಗ್ರಾಮಸಭೆಯಲ್ಲಿ ಎಂಜಿನಿಯರನ್ನೇ ಕರೆಸಿ ಕೇಳಿ. ಅಲ್ಲಿ ಉತ್ತರ ಸಿಗದಿದ್ದರೆ ಚಿತ್ರದುರ್ಗದಲ್ಲಿರುವ ಯೋಜನಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಬರೆಯಿರಿ. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಈ ಪ್ರಶ್ನೆಗೆ ಅಷ್ಟು ಸಾಕು. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. ಬಂದ ಉತ್ತರವನ್ನು ಡೈರಿಯ ಗೋಡೆಗೆ ಅಂಟಿಸಿ, ಸೋಲಾರ್ ಪಂಪಿನ ಆ ಹುಡುಗನನ್ನೂ ಅವನ ಮಾವನನ್ನೂ ಗೌಡರನ್ನೂ ಅಲ್ಲಿಗೇ ಕರೆದು ಮಾತು ಮುಂದುವರಿಸಿ.